ಸಿಗ್ನೆಯ ಏಳು ಚರಣಗಳು ಕಾಗದಕ್ಕಿಳಿದದ್ದು

ನಾಲಿಗೆಗೆ ನುಡಿಯನ್ನೂ, ನುಡಿಗೆ ಲಿಪಿಯನ್ನೂ, ಲಿಪಿ ಅಳಿಸಿಹೋದಲ್ಲಿ ನೆನಪನ್ನೂ ಕರುಣಿಸಿದ ಕರ್ತನೇ, ನಿನಗೆ ಶರಣು. ಗ್ರಂಥಭಾರದಡಿಯಲ್ಲಿ ಹುದುಗಿ ಕುಳಿತ ಒಂದು ಸರಳ ವಾಕ್ಯವನ್ನು ಹೊರಗೆಳೆದು ತರುವ ಛಲವನ್ನು ನೀನು ಯಾರಿಗೆ ಅನುಗ್ರಹಿಸುವೆಯೋ ಅವರನ್ನು ನೆನೆದು, ನಿನ್ನ ಅಪ್ಪಣೆಯನ್ನು ಬೇಡಿ, ಈ ಕಥೆಯನ್ನು ತೊಡಗುತ್ತೇನೆ. ತಪ್ಪಿದರೆ ತಿದ್ದು, ಹೆಚ್ಚಾದರೆ ತಡೆ.

ಅಮೆರಿಕದ ಪಶ್ಚಿಮ ಮಿನೆಸೋಟದ ಬಯಲಿನಲ್ಲಿ, ನಾರ್ವೆಯಿಂದ ಬಂದವರು ಕಟ್ಟಿದ ನಮ್ಮ ಊರು ನೂರ್‌ಡಾಲ್ ಇದೆ. ಸಾವಿರದ ಒಂಬೈನೂರ ಎಂಬತ್ತಮೂರನೆಯ ಇಸವಿ, ಫೆಬ್ರವರಿಯ ಒಂದು ಶನಿವಾರ. ಬೆಳಗಿನ ಒಂಬತ್ತು ಗಂಟೆಗೆ ಚರ್ಚಿನ ಕಚೇರಿಯನ್ನು ನೋಡಿಕೊಳ್ಳುವ ರಾಗ್ನಾ ಟ್ವೈಟ್ ಬಾಗಿಲು ಬಡಿಯದೆಯೇ ನನ್ನ ಅಡುಗೆಮನೆಯೊಳಕ್ಕೆ ಬಂದಳು. ನಮ್ಮ ಊರಿನಲ್ಲಿ ಬಾಗಿಲು ಬಡಿಯದೆ ಒಳಗೆ ಬರುವವರು ಎರಡೇ ಬಗೆ: ಬೆಂಕಿ ಬಿದ್ದಿದೆಯೆಂದು ಹೇಳುವವರು, ಸಾವಾಗಿದೆಯೆಂದು ಹೇಳುವವರು. ಸಾವು ಮಂಗಳವಾರವೇ ಆಗಿತ್ತು. ಸಿಗ್ನೆ ಓಮೊಟ್ ಎಂಬ ಎಂಬತ್ತೊಂಬತ್ತರ ವೃದ್ಧೆ ನಿದ್ರೆಯಲ್ಲಿಯೇ ಕರ್ತನನ್ನು ಸೇರಿದ್ದಳು. ಶವಪೆಟ್ಟಿಗೆ ಆಗಲೇ ಚರ್ಚಿನಲ್ಲಿತ್ತು; ಅಂತ್ಯವಿಧಿ ಅಂದು ಮಧ್ಯಾಹ್ನ ಎರಡಕ್ಕೆ ನಿಗದಿಯಾಗಿತ್ತು.

"ಮೇಷ್ಟ್ರೇ, ಕೋಟು ಹಾಕ್ಕೊಳ್ಳಿ" ಎಂದಳು ರಾಗ್ನಾ. "ಸಿಗ್ನೆ ಹಾಡು ಹೋಯ್ತು. ಕಳೆದವಳು ನಾನೇ."

ನಾನು ನಲವತ್ತು ವರ್ಷ ಪಾದ್ರಿಗಳನ್ನು ತಯಾರುಮಾಡುವ ಗುರುಮಠದಲ್ಲಿ ಗ್ರೀಕನ್ನೂ ಹೀಬ್ರೂವನ್ನೂ ಬೋಧಿಸಿ ನಿವೃತ್ತನಾಗಿ, ಚರ್ಚಿಗೆ ಹೊಂದಿಕೊಂಡ ಮನೆಯಲ್ಲಿ ವಾಸಿಸುವವನು. ಊರಿನವರ ದೃಷ್ಟಿಯಲ್ಲಿ ದಪ್ಪ ಪುಸ್ತಕವಿದ್ದಲ್ಲಿಗೆ ನನ್ನನ್ನು ಕರೆಯಬೇಕು. ಕೊಳಾಯಿ ಕೆಟ್ಟಾಗ ಕೊಳಾಯಿಯವನನ್ನು ಕರೆದಂತೆ. ಕೋಟು ಹಾಕಿಕೊಂಡೆ.

ಆ ಹಾಡಿನ ವಿಚಾರವನ್ನು ಇಲ್ಲಿಯೇ ಹೇಳಿಬಿಡಬೇಕು. ಸಿಗ್ನೆಯ ತಾಯಿ ನಾರ್ವೆಯ ಕಡಲಕಣಿವೆಯೊಂದರಿಂದ ಹಡಗೇರಿ ಬಂದಾಗ ಪೆಟ್ಟಿಗೆಯಲ್ಲಿ ಉಣ್ಣೆಯ ಬಟ್ಟೆಯನ್ನೂ, ತಲೆಯಲ್ಲಿ ಏಳು ಚರಣಗಳ ಒಂದು ಸ್ತೋತ್ರವನ್ನೂ ತಂದಿದ್ದಳು. ಅದು ಯಾವ ಸ್ತೋತ್ರಪುಸ್ತಕದಲ್ಲಿಯೂ ಇಲ್ಲ. ಆ ಕಣಿವೆಯಲ್ಲಿ ಸತ್ತವರನ್ನು ದೋಣಿಯಲ್ಲಿ ಚರ್ಚಿಗೆ ಒಯ್ಯುವಾಗ ಹುಟ್ಟು ಹಾಕುವವರು ಹಾಡುತ್ತಿದ್ದ ಹಾಡದು: ಹಾಯಿಯನ್ನು ಮಡಚಿದ್ದೇನೆ, ದಡದಲ್ಲಿ ಹಗ್ಗ ಹಿಡಿಯುವವನು ನಿಂತಿದ್ದಾನೆ ಎಂಬ ಅರ್ಥದ್ದು. ಅದರ ರಾಗ ಊರಿನ ನಾಲ್ಕಾರು ಮುದುಕಿಯರಿಗೆ ಗೊತ್ತಿತ್ತು. ಮಾತು ಪೂರ್ತಿಯಾಗಿ ಗೊತ್ತಿದ್ದದ್ದು ಸಿಗ್ನೆಯೊಬ್ಬಳಿಗೇ. ಕಳೆದ ಶರತ್ಕಾಲದಲ್ಲಿ, ಕಣ್ಣು ಮಂಜಾಗಿದ್ದ ಆಕೆ ಮಂಗಳವಾರದ ಮಧ್ಯಾಹ್ನಗಳಲ್ಲಿ ಕಚೇರಿಯ ಕುರ್ಚಿಯಲ್ಲಿ ಕುಳಿತು ಒಂದೊಂದೇ ಸಾಲನ್ನು ಹೇಳಿದಳು. ರಾಗ್ನಾ ಅದನ್ನು ನೇರವಾಗಿ ಚರ್ಚಿನ ಹೊಸ ಕಂಪ್ಯೂಟರಿನಲ್ಲಿ ಬರೆದುಕೊಂಡಳು. ಆದರೆ ಕಾಗದದ ಮೇಲೆ ಮುದ್ರಿಸಗೊಡಲಿಲ್ಲ ಸಿಗ್ನೆ. ಬದುಕಿರುವವರು ತಮ್ಮ ಅಂತ್ಯಗೀತೆಯನ್ನು ಕಾಗದದಲ್ಲಿ ಕಾಣಬಾರದು, ಕಂಡರೆ ದೋಣಿ ಬೇಗ ಬರುತ್ತದೆ ಎಂಬುದು ಆ ಕಣಿವೆಯವರ ನಡವಳಿಕೆ. "ನಾನು ಹೋದ್ಮೇಲೆ ಅಚ್ಚು ಹಾಕು" ಎಂದು ಕೈಹಿಡಿದು ಹೇಳಿದ್ದಳು, "ಏಳೂ ಚರಣ. ಐದಕ್ಕೇ ನಿಲ್ಲಿಸಿದ್ರೆ ನಾನು ನಡುನೀರಲ್ಲೇ ಉಳೀತೀನಿ." ರಾಗ್ನಾ ಮಾತು ಕೊಟ್ಟಿದ್ದಳು.

ಕಚೇರಿಗೆ ಹೋದಾಗ ಸಭೆಯ ಹಿರಿಯ ಹಾಲ್ವರ್ ಕ್ವಾಮ್ ಅಲ್ಲಿ ಟೊಪ್ಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಗೋಧಿಯ ಗೋದಾಮನ್ನು ನಡೆಸುವ ಅವನೇ ಹಿಂದಿನ ಬೇಸಗೆಯಲ್ಲಿ ಕಂಪ್ಯೂಟರನ್ನು ಕೊಳ್ಳಿಸಿದವನು. ಕೊಳ್ಳಿಸಿದ ಉತ್ಸಾಹದಲ್ಲಿ ಹಳೆಯ ಬೆರಳಚ್ಚು ಯಂತ್ರವನ್ನೂ, ಶಾಯಿ ಉರುಳೆಯ ಪ್ರತಿಯಂತ್ರವನ್ನೂ ಪಕ್ಕದ ಊರಿನ ಸಭೆಗೆ ದಾನ ಮಾಡಿಸಿದವನೂ ಅವನೇ.

ನಡೆದದ್ದು ಇಷ್ಟು. ಕಂಪ್ಯೂಟರಿನ ಜೊತೆಗೆ ಬಂದ ಕರಿಯ ಫ್ಲಾಪಿ ತಟ್ಟೆಗಳಲ್ಲಿ ಒಂದು ಬರವಣಿಗೆಯ ತಟ್ಟೆ. ಅದಿಲ್ಲದೆ ಬರೆಯುವುದೂ ತಿದ್ದುವುದೂ ಇಲ್ಲ. ಅದು ಅಷ್ಟು ಅಮೂಲ್ಯವಾದ್ದರಿಂದ, ಮೂವತ್ತು ವರ್ಷಗಳಿಂದ ಅಮೂಲ್ಯವಾದ ಎಲ್ಲವನ್ನೂ ಎಲ್ಲಿ ಇಡುತ್ತಿದ್ದಳೋ ಅಲ್ಲಿಯೇ ರಾಗ್ನಾ ಆ ವಾರ ಅದನ್ನು ಎತ್ತಿಟ್ಟಿದ್ದಳು: ಕಬ್ಬಿಣದ ಬೀರುವಿನ ಪಕ್ಕೆಯ ಮೇಲೆ, ದೀಕ್ಷಾಸ್ನಾನಗಳ ಪಟ್ಟಿ ಮತ್ತು ಬಲಿಪೀಠದ ಹೂವಿನ ಸರದಿಯ ನಡುವೆ, ಎದ್ದು ಕಾಣುವಂತೆ, ಒಂದು ದಪ್ಪ ಅಯಸ್ಕಾಂತದ ಕೆಳಗೆ. ಯಂತ್ರವನ್ನು ಮಾರಿದ ಅಂಗಡಿಯವನು ಒಂದು ಪ್ರತಿಯನ್ನೂ ಮಾಡಿ ಕೊಟ್ಟಿದ್ದ. ಅದು ಇನ್ನೊಂದು ಅಯಸ್ಕಾಂತದ ಕೆಳಗಿತ್ತು. ಆ ತಟ್ಟೆಗಳ ಮೈಯಲ್ಲಿ ಅಕ್ಷರಗಳು ನಿಲ್ಲುವುದು ಅಯಸ್ಕಾಂತದ ಶಕ್ತಿಯಿಂದಲೇ ಎಂಬುದನ್ನೂ, ದೊಡ್ಡ ಅಯಸ್ಕಾಂತವು ಸಣ್ಣದನ್ನು ನುಂಗುತ್ತದೆ ಎಂಬುದನ್ನೂ ಅಂದು ಬೆಳಿಗ್ಗೆ ಯಂತ್ರ ಆ ಎರಡನ್ನೂ ಓದಲೊಲ್ಲದಾಗ ನಗರದ ಅಂಗಡಿಯವನು ದೂರವಾಣಿಯಲ್ಲಿ ತಿಳಿಸಿದ. ಬರವಣಿಗೆಯ ತಟ್ಟೆಯಿಲ್ಲದೆ ಏನೂ ಆಗದೆಂದೂ, ಸೋಮವಾರ ಹಿಮ ತೆರವಾದರೆ ಹೊಸದನ್ನು ತರುವೆನೆಂದೂ ಹೇಳಿ ಫೋನನ್ನು ಇಟ್ಟುಬಿಟ್ಟ.

"ಸಿಗ್ನೆ ಹಾಡಿರೋ ತಟ್ಟೆ ಎಲ್ಲಿತ್ತು?" ಎಂದು ಕೇಳಿದೆ.

"ಯಂತ್ರದ ಬಾಯಲ್ಲೇ. ಅದನ್ನ ಹೊರಗೆ ತೆಗೆದೇ ಇಲ್ಲ."

"ಹಾಗಾದ್ರೆ ಹಾಡು ಇದೆ."

"ಇದೆ ಮೇಷ್ಟ್ರೇ. ಬಾವಿಯಲ್ಲಿ ನೀರೂ ಇದೆ, ಹಗ್ಗ ಇಲ್ಲ."

ಹಾಲ್ವರ್ ಗಂಟಲನ್ನು ಸರಿಮಾಡಿಕೊಂಡ. "ನೋಡು ರಾಗ್ನಾ, ಆಗಿದ್ದು ಆಯ್ತು. ಪುಸ್ತಕದಲ್ಲಿ ಐನೂರು ಹಾಡಿದೆ. ಯಾವುದಾದ್ರೂ ಒಳ್ಳೇದನ್ನ ಹಾಡಿದ್ರೆ ಸಿಗ್ನೆ ಎದ್ದು ಬಂದು ಜಗಳ ಮಾಡ್ತಾಳಾ?"

"ಹಾಲ್ವರ್, ಅವಳು ಬದುಕಿದ್ದಾಗ ನಿನ್ನ ಜೊತೆ ಜಗಳ ಮಾಡದೇ ಇದ್ದ ವರ್ಷ ಒಂದು ಹೇಳು."

ಅವನು ಟೊಪ್ಪಿಯ ಅಂಚನ್ನು ತಿರುವಿದ.

"ನಾನು ಮಾತು ಕೊಟ್ಟಿದೀನಿ. ಏಳು ಚರಣ, ಎಲ್ಲರ ಕೈಗೂ ಕಾಗದ. ಇನ್ನೂ ಐದು ಗಂಟೆ ಇದೆ. ಮೇಷ್ಟ್ರೇ, ಪುಸ್ತಕ ಹಿಡೀರಿ."

ಕಂಪ್ಯೂಟರಿನ ಕೈಪಿಡಿ ಮುನ್ನೂರು ಪುಟಗಳಿಗೂ ಮೀರಿದ್ದು; ಮೂರು ಉಂಗುರಗಳ ಹೊದಿಕೆಯೊಳಗೆ ಅದರ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಶಾಸ್ತ್ರಪದ್ಧತಿಯಂತೆ ಮುನ್ನುಡಿಯಿಂದ ಆರಂಭಿಸಿದೆ. ಯಾವ ಗ್ರಂಥವನ್ನಾದರೂ ಅದರ ಕರ್ತೃವಿನ ಉದ್ದೇಶವನ್ನರಿಯದೆ ಓದತಕ್ಕದ್ದಲ್ಲ ಎಂಬುದು ನನ್ನ ಗುರುಗಳು ಹಾಕಿಕೊಟ್ಟ ನಿಯಮ. ಹತ್ತು ಗಂಟೆಗೆ ನಾನು ಹದಿನೇಳನೆಯ ಪುಟದಲ್ಲಿದ್ದೆ. ಯಂತ್ರದ ಸ್ಮೃತಿಯು ಎಷ್ಟು ಕೋಣೆಗಳಾಗಿ ವಿಭಾಗಗೊಂಡಿದೆ ಎಂಬ ಗಹನವಾದ ಪ್ರಕರಣ ನಡೆಯುತ್ತಿತ್ತು.

ರಾಗ್ನಾ ಮೆಲ್ಲನೆ ಕೈಯಿಟ್ಟು ಪುಸ್ತಕವನ್ನು ಮುಚ್ಚಿದಳು. "ಮೇಷ್ಟ್ರೇ, ನೀವು ಲೋಕದ ಸೃಷ್ಟಿಯಿಂದ ಶುರು ಮಾಡಿದೀರಿ. ನನಗೆ ಎರಡು ಗಂಟೆಗೆ ಹೂಳೋದಿದೆ." ಹಾಗೆಂದು ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿ, ಕೊನೆಯ ಪದಸೂಚಿಯಲ್ಲಿ ಬೆರಳಾಡಿಸಿದಳು. ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಪದಸೂಚಿಯ ಮಹಿಮೆಯನ್ನು ನಲವತ್ತು ವರ್ಷ ವಿದ್ಯಾರ್ಥಿಗಳಿಗೆ ಉಪದೇಶಿಸಿದವನು ನಾನೇ.

ಪೆಟ್ಟಿಗೆಯ ತಳದಲ್ಲಿ, ಯಾರೂ ಮುಟ್ಟದ ಲಕೋಟೆಯಲ್ಲಿ, ಯಂತ್ರವನ್ನು ಎಬ್ಬಿಸುವ ಮೂಲತಟ್ಟೆ ಇತ್ತು. ಬೀರುವಿನ ಮೇಲೇರುವ ಗೌರವ ಅದಕ್ಕೆ ದೊರೆತಿರಲಿಲ್ಲವಾದ್ದರಿಂದ ಅದು ಉಳಿದಿತ್ತು. ಅದನ್ನು ಯಂತ್ರದ ಎರಡು ಕಂಡಿಗಳಲ್ಲಿ ಮೊದಲನೆಯದರೊಳಗೆ ಹಾಕುವುದಕ್ಕೆ ಮುನ್ನ ರಾಗ್ನಾ ಇನ್ನೊಂದು ಕೆಲಸವನ್ನು ಮಾಡಿದಳು. ಹಾಡಿನ ತಟ್ಟೆಯ ಅಂಚಿನ ಕಚ್ಚಿಗೆ ಪಟ್ಟಿ ಅಂಟಿಸಿದರೆ ಯಂತ್ರ ಅದನ್ನು ಓದಬಲ್ಲದೇ ಹೊರತು ಅಳಿಸಲಾರದು ಎಂದು ಕೈಪಿಡಿ ಹೇಳಿತ್ತು. ಆಕೆ ಎರಡನೆಯ ಕಂಡಿಯಿಂದ ಆ ತಟ್ಟೆಯನ್ನು ಹೊರತೆಗೆದು, ಹೊಲಿಗೆಯ ಬುಟ್ಟಿಯಿಂದ ಕರಿಯ ಅಂಟುಪಟ್ಟಿಯ ಚೂರನ್ನು ಕತ್ತರಿಸಿ, ಕಚ್ಚಿನ ಮೇಲೆ ಒತ್ತಿ, ಉಗುರಿನಿಂದ ಉಜ್ಜಿ, ಮತ್ತೆ ಉಜ್ಜಿದಳು.

"ಒಂದು ಸಲ ಕಳೆದದ್ದು ಸಾಕು" ಎಂದು ಎರಡು ತಟ್ಟೆಗಳನ್ನೂ ಕಂಡಿಗಳಿಗೆ ಹಾಕಿದಳು.

ಯಂತ್ರ ಎದ್ದಿತು. ಕಪ್ಪು ತೆರೆಯ ಮೇಲೆ ಒಂದು ಹಸಿರು ಅಕ್ಷರ, ಪಕ್ಕದಲ್ಲಿ ಒಂದು ಬಾಣದ ತುದಿ; ಅಷ್ಟೇ. ಬರವಣಿಗೆಯ ತಟ್ಟೆಯು ನೀಡುತ್ತಿದ್ದ ಆಯ್ಕೆಗಳ ಪಟ್ಟಿಯಿಲ್ಲ, ಸಹಾಯದ ಮಾತಿಲ್ಲ. ಹಾಲ್ವರ್ ಬಗ್ಗಿ ನೋಡಿದ. "ಏನು ಹೇಳುತ್ತೆ ಅದು?"

"ಏನೂ ಹೇಳಲ್ಲ. ನಾವು ಹೇಳಬೇಕು ಅಂತ ಕಾಯ್ತಾ ಇದೆ."

"ನನ್ನ ಹೆಂಡತಿ ಥರ."

ಮೊದಲು ಆಕೆ ಕಡತವನ್ನು ತೆರೆಯ ಮೇಲೆ ತೋರಿಸುವ ಅಪ್ಪಣೆಯನ್ನು ಕೊಟ್ಟಳು. ಒಂದು ಶಬ್ದ, ಪಕ್ಕದಲ್ಲಿ ಹಾಡಿನ ಹೆಸರು. ಯಂತ್ರದೊಳಗೆ ತಟ್ಟೆ ಕೊರಕೊರನೆ ತಿರುಗಿತು. ಅನಂತರ ಸಿಗ್ನೆಯ ಸಾಲುಗಳು ಕೆಳಗಿನಿಂದ ಮೇಲಕ್ಕೆ ಏರತೊಡಗಿದವು. ಒಂದು, ಎರಡು, ಏಳೂ. ರಾಗ್ನಾ ಕನ್ನಡಕವನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

"ಪರವಾಗಿಲ್ಲ" ಎಂದ ಹಾಲ್ವರ್, ಕೊನೆಗೆ. ನಮ್ಮಲ್ಲಿ ಆನಂದಬಾಷ್ಪಕ್ಕೆ ಇದೇ ಸಮಾನಪದ. "ಇನ್ನೇನು ಮತ್ತೆ. ಪಾದ್ರಿಗಳು ಇದನ್ನ ಬರ್ಕೊಂಡು ಓದಿಬಿಡ್ಲಿ."

"ಓದು ಅನ್ನಲಿಲ್ಲ ಅವಳು, ಹಾಡು ಅಂದಿದ್ದು. ನಮ್ಮ ಜನ ಬಾಯಿಪಾಠ ಇರೋ ಹಾಡನ್ನೂ ಕೈಯಲ್ಲಿ ಹಾಳೆ ಇಲ್ದೆ ಹಾಡಲ್ಲ, ನಿನಗೆ ಗೊತ್ತಿಲ್ವಾ? ಹಾಳೆ ಇಲ್ದಿದ್ರೆ ಎಲ್ಲರೂ ಬೂಟು ನೋಡ್ಕೊಂಡು ನಿಂತಿರ್ತಾರೆ."

ಅದು ಸತ್ಯ. ನಮ್ಮ ಸಭೆಯಲ್ಲಿ ಹಾಳೆಯು ಓದುವುದಕ್ಕಲ್ಲ, ಹಿಡಿದುಕೊಳ್ಳುವುದಕ್ಕೆ. ಕೈಗೆ ಆಧಾರವಿಲ್ಲದೆ ಗಂಟಲು ತೆರೆಯುವುದನ್ನು ನಾವು ಕಲಿತಿಲ್ಲ.

ಹನ್ನೊಂದು ಗಂಟೆಯಾಯಿತು. ಮುದ್ರಿಸುವ ಅಪ್ಪಣೆ ಎಂದು ಪದಸೂಚಿಯಲ್ಲಿ ಹುಡುಕಿದರೆ ಅದು ಬರವಣಿಗೆಯ ತಟ್ಟೆಯ ಕಡೆಗೇ ಬೆರಳು ತೋರಿಸುತ್ತಿತ್ತು. ರಾಗ್ನಾ ಬಿಡಲಿಲ್ಲ. ಮುದ್ರಿಸು ಎಂದು ಸಿಗದಿದ್ದರೆ ಪ್ರಿಂಟರ್ ಎಂದು ನೋಡಿದಳು, ಅದು ಕಳುಹಿಸಿದ ಪುಟದಿಂದ ಇನ್ನೊಂದು ಪುಟಕ್ಕೆ ಹೋದಳು, ಅಲ್ಲಿಂದ ಮತ್ತೊಂದಕ್ಕೆ. ಹೀಗೆ ತಿರುಗಿದ ನಾಲ್ಕನೆಯ ಪುಟದಲ್ಲಿ, ತಟ್ಟೆಯಿಂದ ತಟ್ಟೆಗೆ ಪ್ರತಿ ಮಾಡುವ ಅಧ್ಯಾಯದ ಅಡಿಯಲ್ಲಿ, ಎರಡು ಸಾಲಿನ ಒಂದು ಟಿಪ್ಪಣಿಯಿತ್ತು. ಆಕೆ ಅದನ್ನು ಗಟ್ಟಿಯಾಗಿ ಓದಿದಳು. ಅದರ ತಾತ್ಪರ್ಯ ಇಷ್ಟು: ಈ ಯಂತ್ರಕ್ಕೆ ಪ್ರಿಂಟರೂ ಒಂದು ತಟ್ಟೆಯ ಹಾಗೆಯೇ, ಕಡತವನ್ನು ಇನ್ನೊಂದು ತಟ್ಟೆಗೆ ಪ್ರತಿ ಮಾಡುವಂತೆ ಪ್ರಿಂಟರಿಗೂ ಪ್ರತಿ ಮಾಡಬಹುದು.

"ಅಷ್ಟೇನಾ?" ಎಂದ ಹಾಲ್ವರ್. "ಅಂಗಡಿಯವನು ಏನೂ ಆಗಲ್ಲ ಅಂದನಲ್ಲ?"

"ಅವನೂ ಮೇಷ್ಟ್ರ ಥರ ಮೊದಲನೇ ಪುಟದಿಂದ ಓದಿರಬೇಕು."

ಸೂತ್ರ ಗಿಡ್ಡದು, ಭಾಷ್ಯ ಉದ್ದದ್ದು ಎಂಬುದು ಎಲ್ಲ ಶಾಸ್ತ್ರಗಳಿಗೂ ಸಮಾನ. ಭಾಷ್ಯದಲ್ಲಿ ಸೂತ್ರವನ್ನು ಕಳೆದುಕೊಳ್ಳುವುದು ಎಲ್ಲ ಪಂಡಿತರಿಗೂ ಸಮಾನ.

ಆಕೆ ಅಪ್ಪಣೆಯನ್ನು ಬರೆದಳು: ಹಾಡಿನ ಹೆಸರು, ಸಮಚಿಹ್ನೆ, ಪ್ರಿಂಟರಿನ ಗುರುತು. ಯಂತ್ರ ಒಪ್ಪಲಿಲ್ಲ. ಇನ್ನೊಮ್ಮೆ ಬರೆದಳು, ಮತ್ತೆ ಒಪ್ಪಲಿಲ್ಲ. ಪ್ರಿಂಟರಿನ ತಂತಿಯನ್ನು ಬಿಗಿಮಾಡಿದೆವು, ಕಾಗದದ ತೂತುಗಳು ಹಲ್ಲುಗಳಿಗೆ ಕೂತಿವೆಯೇ ಎಂದು ನೋಡಿದೆವು. ಮೂರನೆಯ ಬಾರಿ ನಿರಾಕರಣೆ ಬಂದಾಗ ಹಾಲ್ವರ್ ಟೊಪ್ಪಿಯನ್ನು ತಲೆಗಿಟ್ಟುಕೊಂಡು, "ಪಾದ್ರಿಗಳಿಗೆ ಹೇಳಿಬರ್ತೀನಿ, ಪುಸ್ತಕದ ಹಾಡು ಇಟ್ಕೊಳ್ಳಿ ಅಂತ" ಎಂದ.

"ಒಂದು ಹೆಜ್ಜೆ ಇಟ್ಟರೆ ನಿನ್ನ ಟೊಪ್ಪಿಗೂ ಒಂದು ಅಯಸ್ಕಾಂತ ಹಾಕಿ ಬೀರುವಿಗೆ ಅಂಟಿಸ್ತೀನಿ. ಕೂತ್ಕೋ."

ಕೂತ. ನಾನು ಕೈಪಿಡಿಯ ಉದಾಹರಣೆಯನ್ನೇ ದಿಟ್ಟಿಸಿದೆ. ಅಲ್ಲಿ ಬೇರೆ ಯಾವುದೋ ಕಡತವನ್ನು ತಟ್ಟೆಯಿಂದ ತಟ್ಟೆಗೆ ಸಾಗಿಸಿದ್ದರು. ಹೊರಡುವ ಸ್ಥಳ ಎಡದಲ್ಲಿರಬೇಕೆಂದು ನಾವು ಎಣಿಸಿದ್ದೆವು. ಆದರೆ ಉದಾಹರಣೆಯಲ್ಲಿ ಸೇರುವ ಸ್ಥಳವೇ ಎಡದಲ್ಲಿತ್ತು, ಹೊರಡುವ ಸ್ಥಳ ಬಲದಲ್ಲಿತ್ತು. ನಲವತ್ತು ವರ್ಷ ಹೀಬ್ರೂವನ್ನು ಬಲದಿಂದ ಎಡಕ್ಕೆ ಓದಿದ ಕಣ್ಣುಗಳಿಗೆ ಅದು ಮೊದಲೇ ಹೊಳೆಯಬೇಕಿತ್ತು.

"ರಾಗ್ನಾ, ಇದು ಹೀಬ್ರೂ ಮಾತಾಡುತ್ತೆ" ಎಂದೆ. "ಊರು ಮೊದಲು, ಪ್ರಯಾಣಿಕ ಆಮೇಲೆ. ಬಲಗಡೆಯಿಂದ ಎಡಗಡೆಗೆ ಸಾಗಿಸು."

"ಅಬ್ಬಾ, ನಿಮ್ಮನ್ನ ಕರೆದಿದ್ದಕ್ಕೆ ಸಾರ್ಥಕ ಆಯ್ತು" ಎಂದು ಆಕೆ ತಿರುಗಿಸಿ ಬರೆದಳು. ಒಂದು ಗುಂಡಿ ಒತ್ತಿದಳು.

ಪ್ರಿಂಟರ್ ಗರಗರನೆ ಕಿರುಚಿತು. ನಮ್ಮಲ್ಲಿ ಒಬ್ಬರಿಗೂ ಆ ಕರ್ಕಶ ಧ್ವನಿ ಅಷ್ಟು ಮಧುರವಾಗಿ ಎಂದೂ ಕೇಳಿಸಿರಲಿಲ್ಲ. ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಏಳು ಚರಣಗಳೂ ಕಾಗದದ ಮೇಲಿದ್ದವು. ಒಂದು ಸಾಲು ಹೇಳಿದ್ದಕ್ಕೆ, ಹೆಚ್ಚು ಕೇಳದೆ, ಹೆಚ್ಚು ಬೇಡದೆ, ಆ ಯಂತ್ರ ಹೇಳಿದ್ದನ್ನು ಮಾಡಿಬಿಟ್ಟಿತ್ತು.

ಹಾಳೆಯನ್ನು ಹರಿದು ಕಿಟಕಿಯ ಬೆಳಕಿಗೆ ಹಿಡಿದಾಗ ಮಾತ್ರ ನ್ಯೂನತೆ ಕಂಡಿತು. ಪ್ರತಿಯೊಂದು ಪದದ ಕೊನೆಯ ಅಕ್ಷರ ಓರೆಯಾಗಿ ಮುದ್ರಿತವಾಗಿತ್ತು. ಮಿಕ್ಕವು ನೆಟ್ಟಗೆ ನಿಂತಿದ್ದವು. ಕೊನೆಯದು ಮಾತ್ರ ಗಾಳಿಗೆ ಸಿಕ್ಕ ಗೋಧಿಯ ತೆನೆಯಂತೆ ಬಾಗಿತ್ತು.

ಅಷ್ಟರಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಲೆಫ್ಸೆ ರೊಟ್ಟಿಗಳಿಗೆ ಬೆಣ್ಣೆ ಸವರುತ್ತಿದ್ದ ಹೆಂಗಸರ ಮುಖ್ಯಸ್ಥೆ ಪೆಟ್ರಾ ಹ್ಯೂಸ್ ಸದ್ದು ಕೇಳಿ ಮೇಲೆ ಬಂದಳು. ಹಾಳೆಯನ್ನು ದೂರ ಹಿಡಿದು ನೋಡಿದಳು. "ಸರಿಯಾಗೇ ಇದೆಯಲ್ಲೇ. ಹಾಡೋವ್ರೆಲ್ಲ ನಮ್ಮ ವಯಸ್ಸಿನೋರು. ಎಲ್ಲರಿಗೂ ತುದೀಲೇ ಬಾಗಿರೋದು."

"ಸಿಗ್ನೆ ಎಂಬತ್ತೊಂಬತ್ತಕ್ಕೂ ಬಾಗಿರಲಿಲ್ಲ" ಎಂದಳು ರಾಗ್ನಾ. "ಇದನ್ನ ಹೀಗೆ ಕೊಡಲ್ಲ."

"ಹನ್ನೆರಡು ಆಯ್ತು, ರಾಗ್ನಾ" ಎಂದ ಹಾಲ್ವರ್. "ಸಾಕು. ಇದಕ್ಕಿಂತ ಕೆಟ್ಟದಾಗಬಹುದಿತ್ತು."

"ಇದಕ್ಕಿಂತ ಚೆನ್ನಾಗೂ ಆಗಬಹುದು."

ಮತ್ತೆ ಕೈಪಿಡಿ. ಈ ಬಾರಿ ಹುಡುಕಬೇಕಾದ ಪ್ರದೇಶ ಗೊತ್ತಿತ್ತು. ಪ್ರತಿ ಮಾಡುವ ಅಪ್ಪಣೆಗೆ ಬಾಲದಂತೆ ಸೇರಿಸಬಹುದಾದ ಒಂದೊಂದಕ್ಷರದ ಸೂಚನೆಗಳ ಪಟ್ಟಿ ಅಲ್ಲಿತ್ತು. ನಾನು ಓದುತ್ತ ಹೋದೆ, ಆಕೆ ಬೇಡ, ಬೇಡ ಎನ್ನುತ್ತ ಹೋದಳು. ಕೊನೆಯ ಸೂಚನೆಗೆ ಬಂದಾಗ ಆಕೆಯ ಕೈ ಮೇಲೆದ್ದಿತು. ಬರವಣಿಗೆಯ ತಟ್ಟೆಯು ಸಾಲುಗಳನ್ನು ಜೋಡಿಸುವ ಸಲುವಾಗಿ ಪ್ರತಿ ಪದದ ಕೊನೆಯ ಅಕ್ಷರಕ್ಕೆ ಕಣ್ಣಿಗೆ ಕಾಣದ ಒಂದು ಗುರುತನ್ನು ಹಚ್ಚಿಡುತ್ತಿತ್ತಂತೆ. ತೆರೆಯು ಅದನ್ನು ಕಡೆಗಣಿಸುತ್ತಿತ್ತು, ಪ್ರಿಂಟರು ಮಾತ್ರ ಓರೆಯಾಗಿಸಬೇಕೆಂಬ ಆಜ್ಞೆಯಾಗಿ ತಿಳಿಯುತ್ತಿತ್ತು. ಆ ಗುರುತನ್ನು ಒರೆಸಿ ಕಳುಹಿಸು ಎಂದು ಹೇಳುವುದಕ್ಕೆ ಒಂದೇ ಒಂದು ಅಕ್ಷರ ಸಾಕಾಗಿತ್ತು. ಆಕೆ ಅದನ್ನು ಆವರಣ ಚಿಹ್ನೆಯೊಳಗೆ ಸೇರಿಸಿ ಬರೆದಳು.

ಎರಡನೆಯ ಹಾಳೆ ಬಂದಿತು. ಎಲ್ಲ ಅಕ್ಷರಗಳೂ ನೆಟ್ಟಗಿದ್ದವು.

ರಾಗ್ನಾ ಹಿಗ್ಗಲಿಲ್ಲ, ಗಡಿಯಾರ ನೋಡಿದಳು. ಪ್ರತಿಯಂತ್ರ ಊರಿನಲ್ಲಿಲ್ಲ, ಶಾಲೆಯೂ ಬ್ಯಾಂಕೂ ಶನಿವಾರ ಮುಚ್ಚಿರುತ್ತವೆ. ಎಂಬತ್ತು ಜನ ಬರುವವರಿದ್ದರು. ಒಂದು ಹಾಳೆಗೆ ಹತ್ತಿರ ಹತ್ತಿರ ಒಂದು ನಿಮಿಷ. "ಎಂಬತ್ತು ಸಲ ಬರೀತೀನಿ" ಎಂದು ಕುರ್ಚಿಯನ್ನು ಎಳೆದುಕೊಂಡಳು. ಅದೇ ಅಪ್ಪಣೆ, ಅದೇ ಗುಂಡಿ. ಹಾಳೆ ಮುಗಿದೊಡನೆ ಮುಂದಿನ ಪುಟಕ್ಕೆ ಸರಿಸುವ ಗುಂಡಿ. ಹತ್ತನೆಯದರ ಹೊತ್ತಿಗೆ ಆಕೆ ನೋಡದೆಯೇ ಬರೆಯುತ್ತಿದ್ದಳು. ಪ್ರತಿಯೊಂದು ಸಲವೂ ಯಂತ್ರ ಮೊದಲ ಸಲದಷ್ಟೇ ವಿಧೇಯವಾಗಿ ಓಗೊಟ್ಟಿತು. ಹಾಲ್ವರ್ ತಾನಾಗಿಯೇ ಎದ್ದು, ಕಾಗದದ ಅಂಚಿನ ತೂತುಪಟ್ಟಿಗಳನ್ನು ಹರಿಯುವ ಕೆಲಸಕ್ಕೆ ನಿಂತ. ಗೋಧಿಯ ಚೀಲ ಎತ್ತುವ ಆ ಕೈಗಳು ಒಂದು ಹಾಳೆಯನ್ನೂ ಹರಿಯಗೊಡಲಿಲ್ಲ.

ಒಂದು ಕೊರತೆ ಉಳಿದಿತ್ತು. ನಾರ್ವೆಯ ಭಾಷೆಯಲ್ಲಿ ಇಂಗ್ಲಿಷಿನ ಓ ಅಕ್ಷರದಂತಹ ದುಂಡಕ್ಷರವೊಂದನ್ನು ಓರೆಗೆರೆಯಿಂದ ಸೀಳಬೇಕು. ಅಮೆರಿಕದ ಯಂತ್ರದಲ್ಲಿ ಆ ಅಕ್ಷರವಿಲ್ಲ. ರಾಗ್ನಾ ಬರಿಯ ದುಂಡಕ್ಷರವನ್ನೇ ಇಟ್ಟಿದ್ದಳು. ಹಾಳೆಗಳು ಇಪ್ಪತ್ತಿಪ್ಪತ್ತಾಗಿ ನೆಲಮಾಳಿಗೆಗೆ ಇಳಿದವು. ಅಲ್ಲಿ ಹನ್ನೆರಡು ಹೆಂಗಸರು ಬೆಣ್ಣೆಯ ಕೈಗಳನ್ನು ಒರೆಸಿಕೊಂಡು, ಉದ್ದ ಮೇಜಿನ ಎರಡು ಬದಿಗೂ ಕುಳಿತು, ಲೇಖನಿಯಿಂದ ಗೆರೆ ಎಳೆದರು. ನಾನು ಸಾಲುಗಳನ್ನು ನೋಡಿ ಎಲ್ಲೆಲ್ಲಿ ಎಂದು ಹೇಳುತ್ತಿದ್ದೆ.

"ಮೇಷ್ಟ್ರೇ, ಸುಮ್ಮನಿರಿ" ಎಂದಳು ಪೆಟ್ರಾ. "ಇದು ನಮ್ಮಮ್ಮ ಬೈತಿದ್ದ ಭಾಷೆ. ಎಲ್ಲಿ ಗೆರೆ ಹಾಕಬೇಕು ಅಂತ ನಮಗೆ ಗೊತ್ತು."

ಹೆಂಗಸರು ಗೆರೆ ಎಳೆಯುತ್ತ ತುಟಿಯಲ್ಲಿಯೇ ಸಾಲುಗಳನ್ನು ಗುನುಗುತ್ತಿದ್ದರು. ಮೂರನೆಯ ಚರಣದ ಬಳಿ ಒಬ್ಬಾಕೆ ಲೇಖನಿಯನ್ನು ಕೆಳಗಿಟ್ಟಳು. "ಇದನ್ನ ನಮ್ಮಜ್ಜಿ ಹೇಳ್ತಿದ್ದಳು. ನಾನು ಮರೆತೇಬಿಟ್ಟಿದ್ದೆ" ಎಂದಳು, ಮತ್ತೆ ಎತ್ತಿಕೊಂಡಳು.

ಒಂದು ಗಂಟೆ ಐವತ್ತು ನಿಮಿಷಕ್ಕೆ ಎಂಬತ್ತನೆಯ ಹಾಳೆ ಬಾಗಿಲಿನ ಮೇಜನ್ನು ಸೇರಿತು. ರಾಗ್ನಾ ಬೆರಳುಗಳನ್ನು ಮಡಿಸಿ ಬಿಡಿಸಿ ಮಾಡುತ್ತ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತಳು. ಹಿಮದ ನಡುವೆಯೂ ಜನ ಬಂದರು. ಬೂಟುಗಳನ್ನು ಒರೆಸಿದರು, ಹಾಳೆಯನ್ನು ತೆಗೆದುಕೊಂಡರು, ಹಾಳೆ ಹಿಡಿದ ಮೇಲೆಯೇ ಮುಖವನ್ನು ಎತ್ತಿದರು.

ಪಾದ್ರಿಗಳು ಪ್ರಾರ್ಥನೆಯನ್ನು ಮುಗಿಸಿ ಸನ್ನೆ ಮಾಡಿದರು. ಮೊದಲ ಚರಣವನ್ನು ನಾಲ್ಕು ಮುದುಕಿಯರೇ ಹಾಡಿದರು. ಮಿಕ್ಕವರು ರಾಗವನ್ನು ಕೇಳಿಸಿಕೊಂಡರು. ಎರಡನೆಯದರಲ್ಲಿ ನೆಲಮಾಳಿಗೆಯ ಹನ್ನೆರಡು ಜನ ಕೂಡಿದರು. ನಾಲ್ಕನೆಯದಕ್ಕೆ ಇಡೀ ಮಂದಿರ ಹಾಡುತ್ತಿತ್ತು. ಹಾಲ್ವರ್‌ನ ಧ್ವನಿ ಎಲ್ಲರಿಗಿಂತ ಗಟ್ಟಿ, ಎಲ್ಲರಿಗಿಂತ ಅರ್ಧ ಸ್ವರ ಕೆಳಗೆ. ಐದನೆಯ ಚರಣ ಮುಗಿದಾಗ ರಾಗ್ನಾಳ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯಿತು. ಆರನೆಯದು ಬಂದಿತು. ಏಳನೆಯದೂ ಬಂದಿತು. ಕೊನೆಯ ಸಾಲಿನಲ್ಲಿ ಹಗ್ಗ ಹಿಡಿಯುವವನು ದೋಣಿಯನ್ನು ದಡಕ್ಕೆ ಎಳೆದುಕೊಂಡ. ಆಗ ಆಕೆ ಕೈಯನ್ನು ಸಡಿಲಿಸಿದಳು.

ಕೊಟ್ಟ ಮಾತನ್ನು ಕೊನೆಯ ಚರಣದವರೆಗೂ ನಡೆಸುವವರನ್ನು ಕರ್ತನು ಕಾಯಲಿ. ಇದನ್ನು ಓದುವವರ ಮನೆಯಲ್ಲಿಯೂ ಕೇಳುವವರ ಮನೆಯಲ್ಲಿಯೂ ಹಿರಿಯರ ನುಡಿಯು ಅಳಿಯದೆ ಉಳಿಯಲಿ. ಅವರ ಕೈಗೆ ಕೆಲಸವೂ, ಕಣ್ಣಿಗೆ ಬೆಳಕೂ, ಕಷ್ಟದ ಹೊತ್ತಿನಲ್ಲಿ ಎದೆಗೆ ಛಲವೂ ದೊರೆಯಲಿ. ಎಲ್ಲರ ದೋಣಿಯೂ ನೆಮ್ಮದಿಯಿಂದ ದಡವನ್ನು ಸೇರಲಿ. ಆಮೆನ್.